ಟಿಕೆಟ್ ಮುಚ್ಚಿತ್ತು, ಬಿಲ್ಲಿಂಗ್ ನಿಂತೇ ಇತ್ತು: ಹೊರಗಿನ ಐಟಿ ಬೆಂಬಲದ ಒಂದು ಪ್ರಕರಣ

ಈ ಕಂಪನಿಯ ಹೆಸರು ಹೇಳುವುದಿಲ್ಲ. ಯಾರೆಂದು ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಏನು ಕೆಟ್ಟಿತು, ಯಾವ ತೀರ್ಮಾನ ಯಾವಾಗ ಆಯಿತು ಅನ್ನುವುದನ್ನು ಮಾತ್ರ ಮುಟ್ಟಿಲ್ಲ. ಕಲಿಯುವುದಕ್ಕೆ ಬೇಕಾಗಿರುವುದು ಅದೇ ಅಲ್ವಾ?

ಕಂಪನಿ ಎಂಥದ್ದು

ಯಂತ್ರಗಳ ಬಿಡಿಭಾಗಗಳನ್ನು ಸಗಟಾಗಿ ಮಾರುವ ಕಂಪನಿ. ಸುಮಾರು 70 ಜನ. ಒಂದು ಗೋದಾಮು, ಎರಡು ಶಾಖೆ. ದಿನದ ಕೆಲಸ ಸರಾಗವಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆ ನನ್ನದು. ಬಿಲ್ಲಿಂಗ್, ಸ್ಟಾಕ್, ಡಿಸ್ಪ್ಯಾಚ್ ಮೂರೂ ಒಂದೇ ಸಾಫ್ಟ್‌ವೇರ್‌ನಲ್ಲಿ. ಆ ಸಾಫ್ಟ್‌ವೇರ್ ಆಫೀಸಿನ ಸಣ್ಣ ಕೋಣೆಯಲ್ಲಿದ್ದ ಒಂದೇ ಒಂದು ಸರ್ವರ್‌ನಲ್ಲಿ. ಬಿಲ್ ಆಗದಿದ್ದರೆ ಗೇಟ್ ಪಾಸ್ ಇಲ್ಲ, ಗೇಟ್ ಪಾಸ್ ಇಲ್ಲದೆ ಲಾರಿ ಹೊರಡುವುದಿಲ್ಲ. ಹಾಗಾಗಿ ಸರ್ವರ್ ನಿಂತರೆ ಅರ್ಧ ಗಂಟೆಯಲ್ಲೇ ಅಂಗಳದಲ್ಲಿ ಲಾರಿಗಳ ಸಾಲು ಬೆಳೆಯುತ್ತಿತ್ತು.

ಐಟಿಗೆ ಅಂತ ಇದ್ದವರು ಒಬ್ಬರೇ ಇಂಜಿನಿಯರ್. ಒಂಬತ್ತು ವರ್ಷದಿಂದ ಇದ್ದವರು, ನಿಷ್ಠಾವಂತರು, ಯಾವ ಹೊತ್ತಿಗೆ ಕರೆದರೂ ಬರುವವರು. ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಯಾವ ಪಾಸ್‌ವರ್ಡ್ ಯಾವುದಕ್ಕೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಯಾರಿಗೆ ಫೋನ್ ಮಾಡಿದರೆ ಕೆಲಸ ಆಗುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ತಲೆಯಲ್ಲಿ ಮಾತ್ರ ಇತ್ತು.

ಎರಡೂವರೆ ದಿನ

ಅವರು ಒಂದು ವಾರ ರಜೆ ಹಾಕಿದ್ದರು. ರಜೆಯ ಮೂರನೇ ದಿನ ಬೆಳಿಗ್ಗೆ ಸರ್ವರ್ ಏಳಲಿಲ್ಲ. ಅದರಲ್ಲಿ ನಾಲ್ಕು ಹಾರ್ಡ್ ಡಿಸ್ಕ್‌ಗಳ ರೇಡ್ 5 ಜೋಡಣೆ ಇತ್ತು. ಈ ಜೋಡಣೆಯಲ್ಲಿ ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲುವುದಿಲ್ಲ, ಎರಡನೆಯದೂ ಸತ್ತರೆ ಡೇಟಾ ಉಳಿಯುವುದಿಲ್ಲ. ಮೊದಲನೆಯ ಡಿಸ್ಕ್ ಸತ್ತು ಹಲವು ವಾರಗಳೇ ಆಗಿದ್ದವು ಅಂತ ಆಮೇಲೆ ಸರ್ವರ್‌ನ ಲಾಗ್ (ನಡೆದದ್ದರ ದಾಖಲೆ) ನೋಡಿದಾಗ ತಿಳಿಯಿತು. ಸರ್ವರ್ ಮುಂಭಾಗದಲ್ಲಿ ಸಣ್ಣ ಕಿತ್ತಳೆ ದೀಪ ಅಷ್ಟು ದಿನವೂ ಮಿಣುಕುತ್ತಲೇ ಇತ್ತು. ಕೋಣೆಗೆ ಹೋಗಿ ಬಂದವರು ಅದನ್ನು ಕಂಡಿದ್ದರು, ಆದರೆ ಅದರ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಇಂಜಿನಿಯರ್ ಪ್ರಿಂಟರ್, ನೆಟ್‌ವರ್ಕ್ ಅಂತ ಇಡೀ ದಿನ ಓಡಾಡುವವರು. ಆ ಕೋಣೆಗೆ ಹೋಗಿ ಎಷ್ಟು ದಿನವಾಗಿತ್ತೋ.

ಬ್ಯಾಕಪ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆವು. ರಾತ್ರಿ ಬ್ಯಾಕಪ್ ಹೋಗುತ್ತಿದ್ದ ಎಕ್ಸ್‌ಟರ್ನಲ್ ಡ್ರೈವ್ ತೆರೆದರೆ, ಕೊನೆಯ ಸರಿಯಾದ ಪ್ರತಿ 11 ದಿನ ಹಳೆಯದು. ಡ್ರೈವ್ ತುಂಬಿಹೋಗಿತ್ತು. ಅಂದಿನಿಂದ ಪ್ರತಿ ರಾತ್ರಿ ಬ್ಯಾಕಪ್ ಶುರುವಾಗಿ ಸುಮ್ನೆ ನಿಂತುಹೋಗುತ್ತಿತ್ತು.

ಸರ್ವರ್ ಮತ್ತೆ ಎದ್ದು ನಿಲ್ಲುವುದಕ್ಕೆ ಎರಡೂವರೆ ದಿನ ಬೇಕಾಯಿತು. 11 ದಿನದ ಬಿಲ್‌ಗಳನ್ನು ಕಾಗದದ ಪ್ರತಿ ನೋಡಿ ಒಂದೊಂದಾಗಿ ಮತ್ತೆ ಹಾಕುವುದಕ್ಕೆ ಇನ್ನೂ ಎರಡು ವಾರ ಹಿಡಿಯಿತು. ಲೆಕ್ಕಪತ್ರ ವಿಭಾಗದವರು ಸಂಜೆ ಉಳಿದು ಈ ಕೆಲಸ ಮಾಡಿದರು. ಆ ಸಂಜೆಗಳು ನನಗೆ ಇನ್ನೂ ನೆನಪಿವೆ. ತಪ್ಪು ಅವರದಲ್ಲದಿದ್ದರೂ ದಂಡ ತೆತ್ತವರು ಅವರು.

ಐಟಿ ಬೆಂಬಲವನ್ನು ಹೊರಗಿನವರಿಗೆ ಕೊಡೋಣ ಅಂತ ಮಾಲೀಕರು ತೀರ್ಮಾನಿಸಿದ್ದು ಆಗ.

ಮೊದಲ ಕರಾರು

ಮೊದಲ ಕರಾರಿಗೆ ಸಹಿ ಹಾಕಿದ್ದು ನಾನೇ. ಕಡಿಮೆ ದರ ಹೇಳಿದವರನ್ನು ಆರಿಸಿಕೊಂಡೆವು. ಒಂದು ಸಣ್ಣ ಮೂಲ ಶುಲ್ಕ, ಅದರ ಮೇಲೆ ಪ್ರತಿ ಕರೆಗೆ ಇಷ್ಟು ಅಂತ. ಕರಾರಿನಲ್ಲಿ "30 ನಿಮಿಷದಲ್ಲಿ ಪ್ರತಿಕ್ರಿಯೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿ ನನಗೆ ನಿಜಕ್ಕೂ ನೆಮ್ಮದಿಯಾಗಿತ್ತು.

ಆರು ತಿಂಗಳು ಕಳೆಯಿತು. ಪ್ರತಿ ತಿಂಗಳೂ ಅವರಿಂದ ಚೆಂದದ ವರದಿ ಬರುತ್ತಿತ್ತು. ಎಲ್ಲ ಟಿಕೆಟ್‌ಗಳಿಗೂ (ಒಂದೊಂದು ದೂರಿಗೂ ನಂಬರ್ ಕೊಟ್ಟು ತೆರೆಯುವ ದಾಖಲೆ) 30 ನಿಮಿಷದೊಳಗೆ ಪ್ರತಿಕ್ರಿಯೆ, ಎಲ್ಲವೂ ಹಸಿರು ಬಣ್ಣ. ಆದರೂ ಗೋದಾಮಿನಲ್ಲಿ ಜನ ಗೊಣಗುವುದು ನಿಂತಿರಲಿಲ್ಲ. ಜನರಿಗೆ ಗೊಣಗುವುದು ಅಭ್ಯಾಸ ಅಂತ ಮಾಲೀಕರು ಅಂದುಕೊಂಡಿದ್ದರು. ನನಗೂ ಹಾಗೇ ಅನಿಸುತ್ತಿತ್ತು.

ಒಂದು ದಿನ ಡಿಸ್ಪ್ಯಾಚ್ ಕೌಂಟರ್‌ನಲ್ಲಿ ಕೂರುವ ಮೇಡಂ ನನ್ನ ಮೇಜಿನ ಮೇಲೆ ಒಂದು ಉದ್ದ ಪುಸ್ತಕ ತಂದಿಟ್ಟರು. "ಸರ್, ವರದಿ ಅವರದು ಇದೆ. ಇದು ನಮ್ಮದು, ಒಮ್ಮೆ ನೋಡಿ" ಅಂದರು. ಗೆರೆ ಹಾಕಿದ ಮಾಮೂಲಿ ಪುಸ್ತಕ, ಮೂಲೆಗಳು ಮಡಚಿಹೋಗಿದ್ದವು. ಪುಟಕ್ಕೆ ಮೂರು ಕಾಲಂ. ಎಡಗಡೆ "ಹೋಯ್ತು", ಮಧ್ಯೆ "ಬಂತು", ಬಲಗಡೆ "ಲಾರಿ". ಒಂದು ಸಾಲು ಹೀಗಿತ್ತು: ಹೋಯ್ತು 11.10, ಬಂತು 1.25, ಲಾರಿ 4. ಸರ್ವರ್ ಕೈಕೊಟ್ಟ ಪ್ರತಿ ಸಲವೂ ಅವರು ಗೋಡೆ ಗಡಿಯಾರ ನೋಡಿ ಬರೆದಿದ್ದರು. ಯಾರೂ ಹೇಳಿರಲಿಲ್ಲ. ಲಾರಿ ಚಾಲಕರಿಗೆ ಉತ್ತರ ಕೊಡಬೇಕಾದವರು ಅವರೇ ಆದ್ದರಿಂದ ತಾವಾಗಿಯೇ ಶುರು ಮಾಡಿದ್ದರು.

ಪುಸ್ತಕ ಹೇಳಿದ್ದು

ಆ ಪುಸ್ತಕವನ್ನೂ ಸೇವಾ ಕಂಪನಿಯ ಟಿಕೆಟ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಎರಡು ದಿನ ಕೂತೆ. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಆರು ತಿಂಗಳಲ್ಲಿ 23 ಸಲ ಕೆಲಸ ನಿಂತಿತ್ತು. ಒಟ್ಟು 61 ಗಂಟೆ. ಅದರಲ್ಲಿ ತಂತ್ರಜ್ಞರು ನಿಜವಾಗಿ ಕೈಹಾಕಿ ರಿಪೇರಿ ಮಾಡಿದ ಹೊತ್ತು ಸುಮಾರು 10 ಗಂಟೆ ಮಾತ್ರ. ಮಿಕ್ಕ 51 ಗಂಟೆ ಎಲ್ಲಿ ಹೋಯಿತು? ವಿಷಯ ಗೊತ್ತಿರುವ ತಂತ್ರಜ್ಞರು ಸಿಗುವುದಕ್ಕೆ ಕಾದಿದ್ದು 14 ಗಂಟೆ. "30 ನಿಮಿಷದಲ್ಲಿ ಪ್ರತಿಕ್ರಿಯೆ" ಅಂದರೆ ಟಿಕೆಟ್ ನಂಬರ್ ಇರುವ ಒಂದು ಮೇಲ್ ಅಷ್ಟೆ. ಅದು ಕರಾರಿನ ಪ್ರಕಾರ ಸರಿಯೇ, ಯಾರೂ ಮೋಸ ಮಾಡಿರಲಿಲ್ಲ. ಇನ್ನು 19 ಗಂಟೆ ಮೂವರ ನಡುವೆ ಹೋಗಿತ್ತು. ಸೇವಾ ಕಂಪನಿಯವರು ಇಂಟರ್ನೆಟ್ ತೊಂದರೆ ಅನ್ನುತ್ತಿದ್ದರು, ಇಂಟರ್ನೆಟ್‌ನವರು ನಮ್ಮ ಲೈನ್ ಸರಿಯಿದೆ ಅನ್ನುತ್ತಿದ್ದರು, ಸಾಫ್ಟ್‌ವೇರ್ ಕಂಪನಿಯವರು ಸರ್ವರ್ ನೋಡಿ ಅನ್ನುತ್ತಿದ್ದರು. ಮೂವರಿಗೂ ಫೋನ್ ಮಾಡುತ್ತಾ ಮಧ್ಯೆ ನಿಂತಿದ್ದವರು ನಾವು. ಉಳಿದ ಹೊತ್ತು ಪಾಸ್‌ವರ್ಡ್ ಹುಡುಕುವುದರಲ್ಲಿ, ಯಾವ ಸ್ವಿಚ್ ಎಲ್ಲಿದೆ ಅಂತ ಹುಡುಕುವುದರಲ್ಲಿ ಹೋಗಿತ್ತು.

ಇದಕ್ಕಿಂತ ಬೇಸರ ಆಗಿದ್ದು ಇನ್ನೊಂದು ವಿಷಯ. 23ರಲ್ಲಿ 7 ಸಲದ ಕಾರಣ ಒಂದೇ: ಡಿಸ್ಕ್‌ನಲ್ಲಿ ಜಾಗ ಇಲ್ಲ. ನಮ್ಮ ಸಾಫ್ಟ್‌ವೇರ್ ಕೆಳಗೆ ಇದ್ದದ್ದು ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ಅದು ಪ್ರತಿ ಬದಲಾವಣೆಯನ್ನೂ ಲಾಗ್ ಫೈಲಿನಲ್ಲಿ ಬರೆದಿಡುತ್ತದೆ. 'ಫುಲ್ ರಿಕವರಿ' ಸೆಟ್ಟಿಂಗ್ ಇದ್ದಾಗ, ಲಾಗ್‌ನ ಬ್ಯಾಕಪ್ಪನ್ನೇ ಬೇರೆಯಾಗಿ ತೆಗೆಯದಿದ್ದರೆ ಆ ಫೈಲಿನ ಒಳಗಿನ ಜಾಗ ಮತ್ತೆ ಬಳಕೆಗೆ ಸಿಗುವುದಿಲ್ಲ. ಪೂರ್ತಿ ಡೇಟಾಬೇಸ್‌ನ ಬ್ಯಾಕಪ್ ದಿನಾ ತೆಗೆದರೂ ಅಷ್ಟೆ, ಲಾಗ್ ಬೆಳೆಯುತ್ತಲೇ ಇರುತ್ತದೆ. ನಮ್ಮಲ್ಲಿ ಲಾಗ್ ಬ್ಯಾಕಪ್ ಇರಲೇ ಇಲ್ಲ. ಡಿಸ್ಕ್ ತುಂಬಿದಾಗೆಲ್ಲ ತಂತ್ರಜ್ಞರು ಲಾಗಿನ್ ಆಗಿ, ಲಾಗ್ ಕಿರಿದು ಮಾಡಿ, ಟಿಕೆಟ್ ಮುಚ್ಚುತ್ತಿದ್ದರು. ಮೂರು ನಾಲ್ಕು ವಾರಕ್ಕೆ ಮತ್ತೆ ಅದೇ. ಏಳು ಟಿಕೆಟ್, ಏಳೂ ಹಸಿರು, ಏಳಕ್ಕೂ ನಾವು ಬಿಲ್ ಕಟ್ಟಿದ್ದೆವು.

ಇಲ್ಲಿ ಆ ಸೇವಾ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ. ಕರೆ ಜಾಸ್ತಿಯಾದಷ್ಟೂ ಅವರ ಆದಾಯ ಜಾಸ್ತಿಯಾಗುವ ಹಾಗೆ ಕರಾರು ಬರೆದುಕೊಂಡವರು ನಾವು. ತೊಂದರೆ ಮತ್ತೆ ಬರದಂತೆ ಮಾಡಿ ಅಂತ ಅದರಲ್ಲಿ ಎಲ್ಲೂ ಕೇಳಿರಲೇ ಇಲ್ಲ. ಕೇಳಿದ್ದನ್ನು ಅವರು ಮಾಡಿದ್ದರು.

ಎರಡನೇ ಸಲ ಕರಾರು ಬರೆದಾಗ

ಈ ಸಲ ಮೊದಲು ನಮ್ಮ ಕೆಲಸದ ಭಾಷೆಯಲ್ಲಿ ಬೇಕಾದ್ದನ್ನು ಬರೆದುಕೊಂಡೆವು. ಆಮೇಲೆ ಬೇರೆ ಬೇರೆ ಸೇವಾ ಕಂಪನಿಗಳನ್ನು ಕರೆದು ಮಾತಾಡಿದೆವು.

ಹಣದ ರೀತಿ ಬದಲಿಸಿದೆವು. ತಿಂಗಳಿಗೆ ಇಂತಿಷ್ಟು ಅಂತ ಒಂದೇ ಮೊತ್ತ, ಕರೆ ಎಷ್ಟೇ ಬರಲಿ. ಈಗ ಕರೆ ಕಡಿಮೆಯಾದಷ್ಟೂ ಅವರಿಗೂ ಲಾಭ, ನಮಗೂ ಲಾಭ. ಹಿಂದಿನದಕ್ಕಿಂತ ತಿಂಗಳ ಖರ್ಚು ಹೆಚ್ಚಾಯಿತು. ಮಾಲೀಕರು ತಕ್ಷಣ ಒಪ್ಪಲಿಲ್ಲ. ಮೇಡಂ ಪುಸ್ತಕದ "ಲಾರಿ" ಕಾಲಂ ಕೂಡಿಸಿ ತೋರಿಸಿದ ಮೇಲೆ ಒಪ್ಪಿದರು.

ತುರ್ತು ಯಾವುದು ಅನ್ನುವುದನ್ನೂ ನಾವೇ ಹೇಳಿದೆವು. ಬಿಲ್ ಅಥವಾ ಗೇಟ್ ಪಾಸ್ ಆಗದಿದ್ದರೆ ಅದು ಮೊದಲ ದರ್ಜೆ: 15 ನಿಮಿಷದಲ್ಲಿ ನಮ್ಮ ವ್ಯವಸ್ಥೆ ಗೊತ್ತಿರುವ ತಂತ್ರಜ್ಞರು ಫೋನ್‌ನಲ್ಲಿರಬೇಕು, 4 ಗಂಟೆಯಲ್ಲಿ ಕೆಲಸ ಮತ್ತೆ ಶುರುವಾಗಬೇಕು. ಯಾರೋ ಒಬ್ಬರ ಪ್ರಿಂಟರ್ ಕೆಟ್ಟರೆ ಅದು ನಾಳೆಗೆ ಕಾಯಬಹುದು. ಒಂದೇ ತೊಂದರೆ ಎರಡು ಸಲ ಬಂದರೆ ಮೂಲ ಕಾರಣ ಏನು, ಅದಕ್ಕೆ ಏನು ಮಾಡಿದಿರಿ ಅಂತ ಬರವಣಿಗೆಯಲ್ಲಿ ಕೊಡಬೇಕು. ಇಂಟರ್ನೆಟ್‌ನವರ ಜೊತೆ, ಸಾಫ್ಟ್‌ವೇರ್‌ನವರ ಜೊತೆ ನಮ್ಮ ಪರವಾಗಿ ಅವರೇ ಮಾತಾಡಬೇಕು. ಅದಕ್ಕೆ ಬೇಕಾದ ಅಧಿಕಾರ ಪತ್ರ ಬರೆದುಕೊಟ್ಟೆವು. ಆ ಒಂದು ಪುಟದ ಪತ್ರದಿಂದ ಉಳಿದಷ್ಟು ಹೊತ್ತು ಯಾವ ಹೊಸ ಯಂತ್ರದಿಂದಲೂ ಉಳಿದಿಲ್ಲ.

ಶೇಕಡಾ ಲೆಕ್ಕದ ಬಗ್ಗೆ ಒಂದು ಮಾತು ಹೇಳಬೇಕು. ಅವರ ಕರಡಿನಲ್ಲಿ "99.5% ಲಭ್ಯತೆ" ಅಂತಿತ್ತು. ಕೇಳುವುದಕ್ಕೆ ಚೆನ್ನಾಗಿದೆ. ದಿನದ 24 ಗಂಟೆ ಲೆಕ್ಕ ಹಿಡಿದರೆ, ವರ್ಷಕ್ಕೆ ಸುಮಾರು 44 ಗಂಟೆ ನಿಂತರೂ ಅದು 99.5 ಆಗುತ್ತದೆ. 99.9 ಅಂದರೂ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ. ಆ 44 ಗಂಟೆಯೂ ತಿಂಗಳ ಕೊನೆಯ ದಿನಗಳಲ್ಲಿ, ಮಧ್ಯಾಹ್ನದ ಹೊತ್ತಲ್ಲೇ ಬಂದರೆ? ರಾತ್ರಿ ಎರಡು ಗಂಟೆಗೆ ಸರ್ವರ್ ಚೆನ್ನಾಗಿ ಓಡಿದರೆ ನಮಗೇನು ಸಿಕ್ಕ ಹಾಗಾಯಿತು? ಹಾಗಾಗಿ ಕೆಲಸದ ಹೊತ್ತನ್ನು ಮಾತ್ರ ಲೆಕ್ಕ ಹಿಡಿಯಿರಿ ಅಂದೆವು: ದಿನಕ್ಕೆ 12 ಗಂಟೆ, ತಿಂಗಳಿಗೆ 26 ದಿನ, ಒಟ್ಟು 312 ಗಂಟೆ. ಅದರಲ್ಲಿ 99.5 ಅಂದರೆ ತಿಂಗಳಿಗೆ ಸುಮಾರು ಒಂದೂವರೆ ಗಂಟೆ ಮಾತ್ರ ನಿಲ್ಲಬಹುದು. ಅಂಕಿ ಅದೇ, ಆದರೆ ಮಾತು ಪೂರ್ತಿ ಬೇರೆ. ಇದನ್ನು ಕೇಳಿ ಇಬ್ಬರು ಹಿಂದೆ ಸರಿದರು. ಒಪ್ಪಿದವರಿಗೆ ಕೆಲಸ ಕೊಟ್ಟೆವು.

ಪಾಸ್‌ವರ್ಡ್‌ಗಳೆಲ್ಲ ಒಂದು ಪಾಸ್‌ವರ್ಡ್ ವಾಲ್ಟ್‌ಗೆ, ಅಂದರೆ ಅವುಗಳನ್ನು ಬೀಗ ಹಾಕಿಡುವ ಸಾಫ್ಟ್‌ವೇರ್‌ಗೆ, ಹೋದವು. ಅದರ ಮುಖ್ಯ ಕೀಲಿ ಮುಚ್ಚಿದ ಲಕೋಟೆಯಲ್ಲಿ, ಲಕೋಟೆ ಮಾಲೀಕರ ತಿಜೋರಿಯಲ್ಲಿ. ನಕ್ಷೆ, ಸೆಟ್ಟಿಂಗ್ ವಿವರ, ಲೈಸೆನ್ಸ್ ಪಟ್ಟಿ ಎಲ್ಲವೂ ನಮ್ಮ ಸ್ವತ್ತು, ಕರಾರು ಮುಗಿದರೆ ಪೂರ್ತಿ ಒಪ್ಪಿಸಬೇಕು ಅಂತಲೂ ಬರೆಸಿದೆವು. ಒಬ್ಬರ ತಲೆಯಲ್ಲಿದ್ದದ್ದು ಈಗ ಇನ್ನೊಂದು ಕಂಪನಿಯ ತಲೆಗೆ ಹೋದರೆ ನಮ್ಮ ಅಪಾಯ ಕಡಿಮೆಯಾದಂತೆ ಆಗುವುದಿಲ್ಲವಲ್ಲ.

ಒಳಗಿನವರನ್ನು ಏನು ಮಾಡುವುದು

ಜಾಸ್ತಿ ವಾದ ನಡೆದದ್ದು ಇದರ ಮೇಲೆ. "ಹೊರಗಿನವರಿಗೆ ಇಷ್ಟು ಕೊಡ್ತಾ ಇದ್ದೀವಿ, ಮತ್ತೆ ಒಳಗೊಬ್ಬರು ಯಾಕೆ?" ಅಂತ ಮಾಲೀಕರು ಕೇಳಿದರು. ಕೇಳುವುದು ನ್ಯಾಯವೇ. ಇಂಜಿನಿಯರ್ ಕೂಡ ಆ ದಿನಗಳಲ್ಲಿ ಮುಖ ಸಪ್ಪೆ ಮಾಡಿಕೊಂಡು ಓಡಾಡುತ್ತಿದ್ದರು. ವಿವರ ಕೇಳಿದರೆ ಅರ್ಧ ಹೇಳಿ ಅರ್ಧ ಬಿಡುತ್ತಿದ್ದರು. ತನಗೆ ಗೊತ್ತಿರುವುದನ್ನೆಲ್ಲ ಬರೆದುಕೊಟ್ಟರೆ ಮರುದಿನವೇ ಮನೆಗೆ ಕಳಿಸುತ್ತಾರೆ ಅನ್ನುವ ಭಯ. ಒಂಬತ್ತು ವರ್ಷ ದುಡಿದವರಿಗೆ ಹಾಗನಿಸಿದರೆ ತಪ್ಪೇನು?

ಅವರನ್ನು ಉಳಿಸಿಕೊಳ್ಳಬೇಕು ಅಂತ ನಾನು ಪಟ್ಟು ಹಿಡಿದೆ. ತಿಂಗಳ ಕೊನೆಯ ಎರಡು ದಿನ ಬಿಲ್ಲಿಂಗ್ ಎರಡು ಪಟ್ಟಾಗುತ್ತದೆ, ಆಗ ಏನನ್ನೂ ಮುಟ್ಟಬಾರದು ಅಂತ ಹೊರಗಿನವರಿಗೆ ಯಾರು ಹೇಳುತ್ತಾರೆ? ಎರಡನೇ ಶಾಖೆಯ ನೆಟ್‌ವರ್ಕ್ ಸ್ವಿಚ್ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದೆ ಅಂತ ಯಾರು ತೋರಿಸುತ್ತಾರೆ? ಕೊನೆಗೆ ಮಾಲೀಕರು ಒಪ್ಪಿ, ಅವರನ್ನೇ ಕರೆದು ಎದುರಿಗೆ ಹೇಳಿದರು: ಇನ್ನು ಮುಂದೆ ಪ್ರಿಂಟರ್ ಹಿಂದೆ ಓಡುವ ಕೆಲಸ ನಿಮ್ಮದಲ್ಲ, ಸೇವಾ ಕಂಪನಿಯಿಂದ ಕೆಲಸ ತೆಗೆಸುವುದು ನಿಮ್ಮದು. ಆ ಮಾತು ಆದ ಮರುವಾರವೇ 40 ಪುಟದ ವಿವರ ನಮ್ಮ ಕೈಗೆ ಬಂತು.

ಮೊದಲ ತಿಂಗಳುಗಳು

ಶುರುವಿನಲ್ಲಿ ಎಲ್ಲವೂ ಸರಿಹೋಗಲಿಲ್ಲ. ನಿಗಾ ಇಡುವ ಸಾಫ್ಟ್‌ವೇರ್ ಹಾಕಿದ ಮೊದಲ ವಾರ ನೂರಾರು ಎಚ್ಚರಿಕೆಗಳು ಬಂದವು. ಅಷ್ಟೊಂದು ಗದ್ದಲದಲ್ಲಿ ನಿಜವಾದದ್ದು ಕೇಳಿಸುವುದಿಲ್ಲ. ಯಾವುದಕ್ಕೆ ಎದ್ದು ಓಡಬೇಕು, ಯಾವುದನ್ನು ಬಿಡಬಹುದು ಅಂತ ಕೂತು ಜರಡಿ ಹಿಡಿಯುವುದಕ್ಕೆ ಒಂದು ತಿಂಗಳು ಹೋಯಿತು. ಲಾಗ್ ಫೈಲಿನ ರೋಗ ಮಾತ್ರ ಮೊದಲ ವಾರದಲ್ಲೇ ವಾಸಿಯಾಯಿತು. 15 ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ ಇಟ್ಟರು, ಮತ್ತೆ ಅದು ಬರಲಿಲ್ಲ. ಅದರಿಂದ ಇನ್ನೊಂದು ಲಾಭ: ಸರ್ವರ್ ಸತ್ತರೂ ಕಳೆದುಹೋಗುವುದು ಹೆಚ್ಚೆಂದರೆ 15 ನಿಮಿಷದ ಕೆಲಸ, 11 ದಿನದ್ದಲ್ಲ.

ಎರಡನೇ ತಿಂಗಳು ಒಂದು ದೊಡ್ಡ ಎಡವಟ್ಟಾಯಿತು. ರಾತ್ರಿ ವಿಂಡೋಸ್ ಅಪ್‌ಡೇಟ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಿದರು. ನಿಗಾ ಪರದೆಯಲ್ಲಿ ಎಲ್ಲ ಹಸಿರು. ಬೆಳಿಗ್ಗೆ ಬಂದರೆ ಯಾರಿಗೂ ಬಿಲ್ ಮಾಡುವುದಕ್ಕೆ ಆಗುತ್ತಿಲ್ಲ. ನಮ್ಮ ಸಾಫ್ಟ್‌ವೇರ್‌ನ ಲೈಸೆನ್ಸ್ ಸರ್ವಿಸ್ (ಲೈಸೆನ್ಸ್ ನೋಡಿ ಒಳಗೆ ಬಿಡುವ ಪ್ರೋಗ್ರಾಂ) ಸರ್ವರ್ ರೀಸ್ಟಾರ್ಟ್ ಆದ ಮೇಲೆ ತಾನಾಗಿ ಏಳುವುದಿಲ್ಲ, ಕೈಯಾರೆ ಎಬ್ಬಿಸಬೇಕು. ಅದು 40 ಪುಟದಲ್ಲೂ ಬರೆದಿರಲಿಲ್ಲ, ಯಾಕೆಂದರೆ ನಮ್ಮ ಇಂಜಿನಿಯರ್‌ಗೆ ಅದು ಉಸಿರಾಟದಷ್ಟು ಸಹಜವಾಗಿತ್ತು. ಮೂರು ಗಂಟೆ ಹೋಯಿತು.

ಆ ದಿನ ಸಂಜೆ ಕೂತು ಒಂದು ನಿಯಮ ಮಾಡಿದೆವು. ಸರ್ವರ್‌ನಲ್ಲಿ ಏನೇ ಬದಲಿಸಿದರೂ, ಆಮೇಲೆ ಪರೀಕ್ಷೆಗೆ ಅಂತಲೇ ಇರುವ ಒಂದು ಖಾತೆಯಲ್ಲಿ ಬಿಲ್ ಹಾಕಿ, ಗೇಟ್ ಪಾಸ್ ಪ್ರಿಂಟ್ ತೆಗೆಯಬೇಕು. ಕಾಗದ ಹೊರಗೆ ಬಂದರೆ ಮಾತ್ರ ಕೆಲಸ ಮುಗಿಯಿತು. ಪಿಂಗ್‌ಗೆ, ಅಂದರೆ ಬದುಕಿದ್ದೀಯಾ ಅಂತ ನೆಟ್‌ವರ್ಕ್‌ನಲ್ಲಿ ಕೇಳುವುದಕ್ಕೆ, ಉತ್ತರ ಬರುವ ಸರ್ವರ್ ಬೇರೆ, ಜನ ಕೆಲಸ ಮಾಡಬಹುದಾದ ಸರ್ವರ್ ಬೇರೆ.

ಬ್ಯಾಕಪ್ ವಿಷಯದಲ್ಲಿ ನಮ್ಮನ್ನು ಕಾಪಾಡಿದ್ದು ಒಂದು ತಾಲೀಮು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ನಿಜವಾಗಿ ರೀಸ್ಟೋರ್ ಮಾಡಿ, ಅಂದರೆ ಅದರಿಂದ ಡೇಟಾ ವಾಪಸ್ ತಂದು, ತೋರಿಸಬೇಕು ಅಂತ ಬರೆಸಿದ್ದೆವು. ಮೊದಲ ತಾಲೀಮಿನಲ್ಲಿ ಕ್ಲೌಡ್‌ನಲ್ಲಿದ್ದ ಪ್ರತಿ ಸರಿಯಾಗಿಯೇ ಇತ್ತು. ಆದರೆ ಅದು 400 ಜಿಬಿ. ನಮ್ಮ ಲೈನ್ 100 ಎಂಬಿಪಿಎಸ್. ಪೂರ್ತಿ ವೇಗ ಸಿಕ್ಕರೂ ಇಳಿಸಿಕೊಳ್ಳುವುದಕ್ಕೇ ಸುಮಾರು 9 ಗಂಟೆ ಬೇಕು. ಕರಾರಿನಲ್ಲಿ ಬರೆದದ್ದು 4 ಗಂಟೆ. ಇಷ್ಟು ಸುಲಭದ ಲೆಕ್ಕವನ್ನು ಅವರಾಗಲಿ ನಾವಾಗಲಿ ಮೊದಲೇ ಹಾಕಿರಲಿಲ್ಲ. ಕೂಡಲೇ ಆಫೀಸಿನಲ್ಲೇ ಬೇರೆ ಸ್ಟೋರೇಜ್ ಪೆಟ್ಟಿಗೆಯೊಂದರಲ್ಲಿ ಇನ್ನೊಂದು ಪ್ರತಿ ಇಟ್ಟೆವು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಹೊರಗೆ ಅನ್ನುವ 3-2-1 ನಿಯಮ ಹಳೆಯದು. ಕ್ಲೌಡ್‌ನ ಪ್ರತಿ ಬೆಂಕಿ, ಕಳ್ಳತನದಂಥ ದಿನಕ್ಕೆ. ಪಕ್ಕದಲ್ಲೇ ಇರುವ ಪ್ರತಿ ಮಾಮೂಲಿ ದಿನಕ್ಕೆ. ಎರಡನೇ ತಾಲೀಮು 2 ಗಂಟೆ 20 ನಿಮಿಷದಲ್ಲಿ ಮುಗಿಯಿತು.

ಇಂಟರ್ನೆಟ್‌ನಲ್ಲೂ ಒಂದು ಪಾಠ ಆಯಿತು. ಒಂದು ಹೋದರೆ ಇನ್ನೊಂದು ಇರಲಿ ಅಂತ ಎರಡು ಬೇರೆ ಕಂಪನಿಗಳ ಫೈಬರ್ ಹಾಕಿಸಿದ್ದೆವು. ರಸ್ತೆ ಅಗೆಯುವಾಗ ಎರಡೂ ಒಟ್ಟಿಗೆ ಕತ್ತರಿಸಿಹೋದವು. ಕಂಪನಿ ಬೇರೆಯಾದರೂ ಕೇಬಲ್ ಬರುತ್ತಿದ್ದದ್ದು ಒಂದೇ ಕೊಳವೆಯಲ್ಲಿ. ಶಾಖೆಗಳು ಐದು ಗಂಟೆ ನಿಂತವು. ಈಗ ಎರಡನೆಯ ಲೈನ್ ಮೊಬೈಲ್ ನೆಟ್‌ವರ್ಕ್ ಮೇಲಿದೆ. ವೇಗ ಕಡಿಮೆ, ಆದರೆ ಬಿಲ್ ಮಾಡುವುದಕ್ಕೆ ಸಾಕು.

ಏನಾಯಿತು

ಮತ್ತೆ ಮೇಡಂ ಪುಸ್ತಕದ ಲೆಕ್ಕವನ್ನೇ ಕೊಡುತ್ತೇನೆ. ಹಳೆಯ ಕರಾರಿನ ಆರು ತಿಂಗಳಲ್ಲಿ 23 ಸಲ, 61 ಗಂಟೆ. ಹೊಸ ಕರಾರಿನ ಮೊದಲ ಆರು ತಿಂಗಳಲ್ಲಿ 15 ಸಲ, 26 ಗಂಟೆ. ಅದರ ಮುಂದಿನ ಆರು ತಿಂಗಳಲ್ಲಿ 6 ಸಲ, 7 ಗಂಟೆ.

ಇದೆಲ್ಲ ಹೊರಗಿನವರ ಕೈಚಳಕ ಅಂದರೆ ಸುಳ್ಳಾಗುತ್ತದೆ. ಅದೇ ವರ್ಷ ಹಳೆಯ ಸರ್ವರ್ ಬದಲಿಸಿದೆವು, ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿದೆವು. ಕೊನೆಯ ಆರರಲ್ಲಿ ಎರಡು ಸಲ ಸಾಫ್ಟ್‌ವೇರ್ ಕಂಪನಿಯದೇ ತಪ್ಪು. ಅದನ್ನು ಯಾವ ಬೆಂಬಲ ತಂಡವೂ ತಡೆಯುವ ಹಾಗಿರಲಿಲ್ಲ. ಆದರೆ ಸರ್ವರ್‌ಗೆ ವಯಸ್ಸಾಗಿದೆ, ಬ್ಯಾಟರಿ ಸೋತಿದೆ ಅಂತ ತೊಂದರೆ ಆಗುವ ಮೊದಲೇ ಬರೆದು ಕೊಟ್ಟವರು ಅವರೇ. ಹಿಂದೆ ಹಾಗೆ ಹೇಳುವವರು ಇರಲಿಲ್ಲ.

ಬೇರೆ ಕಂಪನಿಯವರು ಬಂದು ಸಲಹೆ ಕೇಳಿದಾಗ ನಾನು ಮೊದಲು ಕೇಳುವುದು ಒಂದೇ: ಕಳೆದ ಮೂರು ತಿಂಗಳಲ್ಲಿ ಎಷ್ಟು ಹೊತ್ತು ಕೆಲಸ ನಿಂತಿತ್ತು, ಬರೆದಿಟ್ಟಿದ್ದೀರಾ? ಇಲ್ಲ ಅಂದರೆ ಕರಾರಿಗೆ ಆತುರ ಬೇಡ, ಮೊದಲು ಒಂದು ಪುಸ್ತಕ ಇಡಿ ಅನ್ನುತ್ತೇನೆ. ಅದನ್ನು ಬರೆಯುವವರು ಐಟಿಯವರಲ್ಲ, ಕೆಲಸ ನಿಂತಾಗ ಕೈಕಟ್ಟಿ ಕೂರಬೇಕಾದವರು. ಹೊತ್ತು ರಿಪೇರಿಯಲ್ಲಿ ಹೋಗುತ್ತಿದೆಯೋ ಕಾಯುವುದರಲ್ಲಿ ಹೋಗುತ್ತಿದೆಯೋ ಅಂತ ಗೊತ್ತಾದರೆ, ಯಾರನ್ನು ತರಬೇಕು, ಏನು ಬರೆಸಿಕೊಳ್ಳಬೇಕು ಅನ್ನುವುದು ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ನಮ್ಮಲ್ಲಿ ಕಾಯುವುದೇ ಜಾಸ್ತಿ ಇತ್ತು. ಇನ್ನೊಂದು ಕಡೆ ಬೇರೆ ಇರಬಹುದು.

ತಿಂಗಳ ಸಭೆಯಲ್ಲಿ ಈಗ ಎರಡು ಲೆಕ್ಕಗಳೂ ಮೇಜಿನ ಮೇಲಿರುತ್ತವೆ. ಕಳೆದ ಸಲ ಸೇವಾ ಕಂಪನಿಯ ವರದಿಯಲ್ಲಿ 50 ನಿಮಿಷ ಅಂತಿತ್ತು, ಪುಸ್ತಕದಲ್ಲಿ ಒಂದೂವರೆ ಗಂಟೆ. 40 ನಿಮಿಷದ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೂತು ಹುಡುಕಿದೆವು. ಸರ್ವರ್ ಸರಿಯಾದ ಮೇಲೂ ಗೋದಾಮಿನ ಲೇಬಲ್ ಪ್ರಿಂಟರ್ ಸಂಪರ್ಕಕ್ಕೆ ಬಂದಿರಲಿಲ್ಲ. ಲೇಬಲ್ ಇಲ್ಲದೆ ಪೆಟ್ಟಿಗೆ ಲಾರಿ ಮೇಲೇರುವುದಿಲ್ಲ. ಬದಲಾವಣೆ ಆದ ಮೇಲಿನ ಪರೀಕ್ಷೆಯಲ್ಲಿ ಬಿಲ್ ಮತ್ತು ಗೇಟ್ ಪಾಸ್ ಜೊತೆಗೆ ಈಗ ಒಂದು ಲೇಬಲ್ಲನ್ನೂ ಸೇರಿಸಿದ್ದೇವೆ.